ಕ್ಯಾಸೆಟ್ಟಿನ ಮುಖ

ಒರಾನ್
ಮಾರ್ಚ್ 9, 2004

ಪ್ರೀತಿಯ ಮಾಮಿಯಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮಿಲೂದನ ಸಾವಿನ ಬಗ್ಗೆ ನೀನು ಬರೆದದ್ದನ್ನು ಓದಿ ಮಡಿಚಿಟ್ಟೆ. ಉತ್ತರಿಸಲು ಕೂತರೆ ಕೈ ಏಳುತ್ತಿರಲಿಲ್ಲ. ಈಗ ನಾಲ್ಕು ತಿಂಗಳ ಶೋಕ ಮುಗಿದು ವಿಧವೆಯ ಬಿಳಿ ಬಟ್ಟೆ ಕಳಚಿಟ್ಟಿದ್ದೇನೆ. ಮನೆಯಲ್ಲಿ ಸದ್ದಿಲ್ಲ. ಅವನ ಗಂಟಲು ನಿನಗೆ ಗೊತ್ತಲ್ಲ, ಊಟಕ್ಕೆ ಕೂತು ಉಪ್ಪು ಕೇಳಿದರೂ ಮದುವೆ ಮನೆಯಲ್ಲಿ ಹೆಸರು ಕೂಗಿದ ಹಾಗೇ ಇರುತ್ತಿತ್ತು. ಈಗ ಉಪ್ಪು ಕೇಳುವವರಿಲ್ಲ.

ಹೋದ ವಾರ ಒಂದು ಸಂಗತಿ ನಡೆಯಿತು. ನಗರದ ಸಾಂಸ್ಕೃತಿಕ ಸಮಿತಿಯವನಂತೆ, ಸೀ ಬೆನಾಮರ್ ಎಂಬಾತ ಬಂದ. ಬಕ್ಕತಲೆ, ಸಭ್ಯ ಮನುಷ್ಯ. ಬಾಗಿಲಲ್ಲೇ ನಿಂತು, ವಯಸ್ಸಾದ ಹೆಂಗಸರನ್ನು ಕರೆಯುವ ಹಾಗೆ, "ಹಜ್ಜಾ, ಶೆಬ್ಬಾ ನಸ್ರಿಯಾ ಮನೇಲಿದ್ದಾರಾ?" ಅಂದ.

ನಾನು ಹಾಡುಗಾರ್ತಿಯಾಗಿದ್ದಾಗಿನ ಆ ಹೆಸರು, ಆ 'ಶೆಬ್ಬಾ' ಪಟ್ಟ, ಕೇಳಿ ಎಷ್ಟು ವರ್ಷವಾಗಿತ್ತು! "ನಾನೇ" ಅಂದೆ.

ಅವನಿಗೆ ನಗು ಬಂತು. ಜೇಬಿನಿಂದ ಹಳೇ ಕ್ಯಾಸೆಟ್ ತೆಗೆದು ತೋರಿಸಿದ. "ಇವರು, ಹಜ್ಜಾ. ಇವರನ್ನ ಕೇಳ್ತಿದ್ದೀನಿ." ಹಾಗೆನ್ನುತ್ತಾ ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದ, ನೀನು ಎಲ್ಲೋ ಅಡುಗೆಮನೆಯಲ್ಲಿ ಅಡಗಿದ್ದೀಯೇನೋ ಎಂಬಂತೆ.

ಕ್ಯಾಸೆಟ್ಟಿನ ಮೇಲೆ ನೀನು: ಕೆಂಪು ಬ್ಲೌಸು, ಗಾಳಿಗೆ ಹಾರಿದ ಕೂದಲು. ಆ ಗಾಳಿ ಸ್ಟುಡಿಯೋದವನ ಟೇಬಲ್ ಫ್ಯಾನಿನದು ಎಂದು ನಿನಗೂ ನನಗೂ ಮಾತ್ರ ಗೊತ್ತು. ಎಷ್ಟು ಚೆನ್ನಾಗಿದ್ದೆ ಮಾಮಿಯಾ ನೀನು! ಆಗ ಯಾವ ಹಾಡುಗಾರ್ತಿ ತನ್ನ ಮುಖ ಅಚ್ಚು ಹಾಕಿಸುತ್ತಿದ್ದಳು? ನನಗೆ ನಾಲ್ವರು ಅಣ್ಣಂದಿರು. ನಿನಗೆ ಅಪ್ಪನೂ ಇರಲಿಲ್ಲ, ಅಣ್ಣನೂ ಇರಲಿಲ್ಲ. ಅದೊಂದೇ ಕಾರಣಕ್ಕೆ ನನ್ನ ಎಲ್ಲ ಕ್ಯಾಸೆಟ್ಟಿನ ಮೇಲೂ ನೀನು ನಿಂತೆ. ಗಂಟಲು ನನ್ನದು, ಮುಖ ನಿನ್ನದು.

ಅವನನ್ನು ಕೂರಿಸಿ ಚಹಾ ಕೊಟ್ಟೆ. "ಅವಳು ಊರಲ್ಲಿಲ್ಲ, ಕೇಳಿ ಹೇಳ್ತೀನಿ" ಅಂದೆ. ಜುಲೈನಲ್ಲಿ ಬಯಲು ರಂಗಮಂದಿರದಲ್ಲಿ ಎಂಬತ್ತರ ದಶಕದ ಹಾಡುಗಳ ಸಂಜೆಯಂತೆ, ಟೀವಿಯಲ್ಲಿ ನೇರ ಬರುತ್ತದಂತೆ.

ಮಾಮಿಯಾ, ನನಗೆ ಹಾಡಬೇಕು ಅನ್ನಿಸುತ್ತಿದೆ. ನನಗೇ ಆಶ್ಚರ್ಯ. ಆದರೆ ನಿನ್ನ ಅತ್ತೆ ಗಡಿಯ ಆಚೆ ಕೂತು ದಿನವಿಡೀ ನಮ್ಮ ದೇಶದ ಚಾನೆಲ್ಲನ್ನೇ ನೋಡುತ್ತಾರೆ ಎಂದು ನೀನೇ ಬರೆದಿದ್ದೆ. ಹಾಡುಗಾರ್ತಿ ನೀನು ಎಂದೇ ತಾನೆ ಅವರು ನಿನ್ನನ್ನು ಮನೆ ತುಂಬಿಸಿಕೊಂಡದ್ದು! ನಾನು ನನ್ನ ಮುಖ ಹೊತ್ತು ವೇದಿಕೆ ಹತ್ತಿದರೆ, ಆ ಮನೆಯಲ್ಲಿ ನೀನು ಯಾರಾಗುತ್ತೀಯ? ಬೇಡ ಅಂದರೆ ಬೇಡ. ಒಂದು ಸಾಲು ಬರೆ ಸಾಕು. ಫೋನು ಮಾಡಬೇಡ, ಅದು ಅವರ ಮಂಚದ ಪಕ್ಕದಲ್ಲೇ ಇದೆಯಲ್ಲ.

ನಿನ್ನ
ಖೈರಾ


ಊಜ್ದಾ
ಏಪ್ರಿಲ್ 2, 2004

ನನ್ನ ಖೈರಕ್ಕಾ,

ನಿನ್ನ ಕಾಗದವನ್ನು ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ಅತ್ತೆ ಲಲ್ಲಾ ತಾಮೂ ಹೊರಗಿನಿಂದ, "ಒಳಗೆ ಸತ್ತೆಯಾ ಏನೇ?" ಎಂದು ಕೇಳುವಷ್ಟು ಹೊತ್ತು.

ಆ ಬಕ್ಕತಲೆಯವನಿಗೆ ಕನ್ನಡಕ ಕೊಡಿಸು. ನಿನ್ನನ್ನು ನೋಡಿ ನಕ್ಕನಂತೆ! ನಾನು ಇದ್ದಿದ್ದರೆ ಚಹಾದ ಬದಲು ಬೇರೆ ಕೊಡುತ್ತಿದ್ದೆ.

ಅಕ್ಕಾ, ಅತ್ತೆ ನನ್ನನ್ನು ಹೇಗೆ ಹಿಡಿದರು ಎಂದು ನೆನಪಿದೆಯಲ್ಲ. ಆಗ ನಮ್ಮೆರಡು ದೇಶಗಳ ಗಡಿ ತೆರೆದಿತ್ತು. ಯಾರದೋ ಮದುವೆಗೆಂದು ಒರಾನಿಗೆ ಬಂದು, ನನ್ನ ಪಾರ್ಲರಿನಲ್ಲಿ ತಲೆಗೆ ಗೋರಂಟಿ ಹಚ್ಚಿಸಿಕೊಳ್ಳುತ್ತಾ, ಗೋಡೆಯ ಮೇಲಿನ ಕ್ಯಾಸೆಟ್ ನೋಡಿ, ನನ್ನ ಗಲ್ಲ ಹಿಡಿದು, "ಈ ಕೋಗಿಲೆ ನನ್ನ ಮಗನಿಗೆ ಬೇಕು" ಅಂದರು. ನೀನು ಮೂಲೆಯಲ್ಲಿ ಕೂತು ನಗು ತಡೆಯಲು ಬಾಯಿಗೆ ಟವೆಲ್ ತುರುಕಿಕೊಂಡಿದ್ದೆ. ಮದುವೆಯ ದಿನ ಎಲ್ಲರೂ ಹಾಡು ಹಾಡು ಅಂದಾಗ ನನ್ನ ಗಂಡ ಅಬ್ದೆಲ್ಕಾದರ್ ಪುಣ್ಯಾತ್ಮ ಎದ್ದುನಿಂತು, "ಗಂಟಲು ಕಟ್ಟಿದೆ" ಅಂದ. ಅವನಿಗೆ ನಾನು ಮೊದಲೇ ಹೇಳಿದ್ದೆ. ಬಿಕ್ಕಳಿಕೆ ಬರುವಷ್ಟು ನಕ್ಕಿದ್ದ. ಹದಿನಾರು ವರ್ಷದಿಂದ ನನ್ನ ಗಂಟಲು ಕಟ್ಟಿಯೇ ಇದೆ! ಆಮೇಲೆ ಅತ್ತೆಯೇ ಒಂದು ಕಾರಣ ಹುಡುಕಿಕೊಂಡರು: "ನನ್ನ ಮಗನಿಗೋಸ್ಕರ ಹಾಡು ಬಿಟ್ಟಳು." ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ. ಮೊನ್ನೆ ಸಿಲಿಂಡರ್ ತಂದವನಿಗೂ ಹೇಳಿದರು. ಅವರಿಗೆ ಈಗ ಎಂಬತ್ತಾರು. ಕಾಲು ಬಿದ್ದುಹೋಗಿದೆ. ಹೊರಗಿನ ಬೆಳಕು ಅವರಿಗೆ ಆ ಟೀವಿ ಮತ್ತು ಈ ಕಥೆ, ಎರಡೇ.

ಅದಕ್ಕೆ ಒಂದು ಉಪಾಯ. ನೀನು ಹಾಡು. ಯಾವಾಗಲೂ ಹಾಡಿದ ಹಾಗೆ, ಪರದೆ ಹಿಂದೆ. ನಾನು ಬಂದು ಮುಂದೆ ನಿಂತು ತುಟಿ ಆಡಿಸುತ್ತೇನೆ. ಕಾಸಾಬ್ಲಾಂಕಾ ಸುತ್ತಿಕೊಂಡು ವಿಮಾನದಲ್ಲಿ ಬರಬೇಕು, ಬರುತ್ತೇನೆ. ಗಡಿ ತೆರೆದಿದ್ದರೆ ಬೆಳಗಿನ ಚಹಾ ಇಲ್ಲಿ ಕುಡಿದು ಮಧ್ಯಾಹ್ನದ ಊಟಕ್ಕೆ ನಿನ್ನ ಮನೆಯಲ್ಲಿ ಇರುತ್ತಿದ್ದೆ, ಆ ಮಾತು ಬಿಡು. ಕೆಂಪು ಬ್ಲೌಸು ಈಗ ನನ್ನ ಒಂದು ತೋಳಿಗೂ ಸಾಲದು. ಉದ್ದನೆಯ ಸಡಿಲ ಕಫ್ತಾನ್ ಹಾಕಿಕೊಳ್ಳುತ್ತೇನೆ, ಹೊಟ್ಟೆ ಕಾಣುವುದಿಲ್ಲ.

ಅತ್ತೆ ಟೀವಿಯಲ್ಲಿ ನನ್ನನ್ನು ನೋಡಿ ಖುಷಿಯಿಂದ ಕೂಗಾಡುವುದನ್ನು ನೆನೆಸಿಕೊಂಡರೆ ಈಗಲೇ ನಗು ಬರುತ್ತದೆ.

ಹೂಂ ಅನ್ನು ಅಕ್ಕಾ.

ನಿನ್ನ ಮುಖ,
ಮಾಮಿಯಾ


ಒರಾನ್
ಮೇ 20, 2004

ಪ್ರೀತಿಯ ಮಾಮಿಯಾ,

ಹೂಂ ಅಂದಿದ್ದೇನೆ. ಸೀ ಬೆನಾಮರ್‌ಗೆ ನಸ್ರಿಯಾ ಬರುತ್ತಾಳೆ ಎಂದು ಹೇಳಿದೆ. ಅವನು ಖುಷಿಯಲ್ಲಿ ನನ್ನ ಕೈ ಹಿಡಿದು ಅಲ್ಲಾಡಿಸಿದ. "ನೀವು ಅವರಿಗೆ ಏನಾಗಬೇಕು ಹಜ್ಜಾ?" ಎಂದು ಕೇಳಿದ. "ಹತ್ತಿರದವಳು" ಅಂದೆ.

ಪೋಸ್ಟರು ಬಂದಿದೆ. ಮಾರುಕಟ್ಟೆಯ ಗೋಡೆ, ಬಸ್ ನಿಲ್ದಾಣ, ಎಲ್ಲ ಕಡೆ ನೀನೇ. ಕರಂತೀಕಾ ಮಾರುವವನ ಗಾಡಿಯ ಹಿಂದೆ ಒಂದು ಇದೆ. ನಿನ್ನೆ ಬಿಸಿ ಬಿಸಿ ಕಡಲೆಹಿಟ್ಟಿನ ತುಂಡು ಬ್ರೆಡ್ಡಿಗೆ ಹಾಕಿಸಿಕೊಳ್ಳುತ್ತಾ ನಿಂತಿದ್ದೆ. ಇಬ್ಬರು ಹೆಂಗಸರು ನಿನ್ನನ್ನು ನೋಡುತ್ತಿದ್ದರು.

"ಒಂಚೂರೂ ವಯಸ್ಸಾಗಿಲ್ಲ ನೋಡು."

"ಹೊರದೇಶದ ಕ್ರೀಮು ಕಣೇ. ನಮ್ಮ ಹಾಗೆ ಈರುಳ್ಳಿ ಹೆಚ್ಚಿದ್ದರೆ ಗೊತ್ತಾಗ್ತಿತ್ತು."

ನಾನು ಬ್ರೆಡ್ ತಿಂದು ಮನೆಗೆ ಬಂದೆ.

ಅಭ್ಯಾಸ ಶುರುವಾಗಿದೆ. ನಮ್ಮ ಬೂಸೀಫನೇ ಅಕಾರ್ಡಿಯನ್ ನುಡಿಸುತ್ತಾನೆ. ಅವನಿಗೂ ಹಲ್ಲು ಹೋಗಿವೆ, ಬೆರಳು ಹಾಗೇ ಇವೆ. ಅವನ ಮನೆಯಲ್ಲಿ ಮೊದಲ ದಿನ ನಾನು ಹಳೇ ರೂಢಿಯಂತೆ ಗೋಡೆಗೆ ಮುಖ ಮಾಡಿ ಕೂತೆ. ಅವನು ನುಡಿಸಿದ. ನನಗೆ ಎತ್ತಿಕೊಳ್ಳಲು ಆಗಲಿಲ್ಲ. ಮೊದಲು ಮಿಲೂದ್ ಕೂಗಬೇಕಿತ್ತಲ್ಲ, ಅದೇ ಅವನ ಕಸುಬು. ಇಂಥ ಬೀದಿಯ ಇಂಥವರಿಗೆ ಈ ಹಾಡು, ಅವರ ಗೆಳೆಯರಿಗೆ ಈ ಹಾಡು, ಅವರ ಹಗೆಗಳಿಗೆ ಹೊಟ್ಟೆಯುರಿ, ಎಂದು ಅವನು ಹೆಸರು ಕೂಗಿ ಬಿಟ್ಟಮೇಲೆಯೇ ನನ್ನ ಗಂಟಲು ತೆರೆಯುತ್ತಿದ್ದದ್ದು. ಬೂಸೀಫ್ ಅದೇ ತುಂಡನ್ನು ಮತ್ತೆ ಮತ್ತೆ ನುಡಿಸಿ ಕಾದ. ಕೊನೆಗೆ ಹೇಗೋ ಎತ್ತಿಕೊಂಡೆ. ಹಾಡಾಯಿತು, ಅಳು ಬರಲಿಲ್ಲ.

ಆಮೇಲೆ ಅವನಂದ, "ಖೈರಾ, ನಿನ್ನ ಬೆನ್ನಿಗೇ ಬಾರಿಸಿ ಬಾರಿಸಿ ಮುದುಕ ಆದೆ ನಾನು."

ಹೋದ ಶನಿವಾರ ಅವನೇ ಬಯಲು ರಂಗಮಂದಿರ ನೋಡಲು ಕರೆದುಕೊಂಡು ಹೋದ. ಯಾರೂ ಇರಲಿಲ್ಲ. ಸುಮ್ಮನೆ ವೇದಿಕೆಯ ಮಧ್ಯೆ ನಿಂತು ಎರಡು ಸಾಲು ಹಾಡಿದೆ. ಕಡಲ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಾಡುವಾಗ ಮುಖಕ್ಕೆ ಗಾಳಿ ತಗುಲಿದ್ದು ಅದೇ ಮೊದಲು. ಬಾಯೊಳಗೆಲ್ಲ ಗಾಳಿ. ಸ್ವರ ಬೇರೆಯೇ ಆಗುತ್ತದೆ ಮಾಮಿಯಾ, ಮುಂದಕ್ಕೆ ಹೋಗುತ್ತದೆ. ಬೂಸೀಫ್ ಸಮಿತಿಯವರಿಗೆ ಗುಟ್ಟು ಬಿಡದೆ ಪರದೆಯನ್ನು ನಿನ್ನ ಹಿಂದೆಯೇ ಕಟ್ಟಿಸುತ್ತಾನಂತೆ, ಗಾಳಿ ಅಲ್ಲಿಗೂ ಸ್ವಲ್ಪ ಬರಬಹುದು.

ನಿನಗೆ ಒಳಗಿನ ಕೋಣೆ ಸಿದ್ಧ ಮಾಡಿದ್ದೇನೆ. ಬಾ.

ನಿನ್ನ
ಖೈರಾ


ಊಜ್ದಾ
ಜೂನ್ 12, 2004

ಖೈರಕ್ಕಾ,

ನಾನು ಬರುವುದಿಲ್ಲ.

ಕಾಗದದಲ್ಲಿ ಗಾಳಿ ಗಾಳಿ ಎಂದು ಎಷ್ಟು ಸಲ ಬರೆದಿದ್ದೀಯ, ನೀನೇ ಒಮ್ಮೆ ಓದಿಕೋ. ನಾನು ಕೂದಲು ಕತ್ತರಿಸುವವಳು. ಹೆಂಗಸರು ಕುರ್ಚಿಯಲ್ಲಿ ಕೂತು "ಸ್ವಲ್ಪ ತುದಿ ಮಾತ್ರ" ಅನ್ನುತ್ತಾರೆ. ಬಂದದ್ದು ಎಲ್ಲ ಕತ್ತರಿಸಿಕೊಂಡು ಹೋಗುವುದಕ್ಕೆ. ಬಾಯಿ ಹೇಳಿದ್ದನ್ನು ಕೇಳಿದರೆ ನನ್ನ ಕಸುಬು ನಡೆಯುತ್ತಿರಲಿಲ್ಲ.

ನೀನು ನಿನ್ನ ಮುಖದಲ್ಲೇ ಹಾಡು.

ಒಂದು ಮಾತು ಹೇಳಲಾ? ಟಿಕೆಟ್ ವಿಚಾರಿಸಿಯಾಗಿತ್ತು. ಕಫ್ತಾನಿಗೆ ಬಟ್ಟೆ ತೆಗೆದು ಹೊಲಿಯಲೂ ಕೊಟ್ಟಿದ್ದೆ, ಹಸಿರು ಬಣ್ಣದ್ದು. ಕನ್ನಡಿಯ ಮುಂದೆ ನಿಂತು ನಿನ್ನ ಹಳೇ ಕ್ಯಾಸೆಟ್ ಹಾಕಿ ತುಟಿ ಆಡಿಸಿ ನೋಡಿದೆ. ಒಂದು ಕ್ಷಣ ನಾನೇ ಹಾಡಿದ ಹಾಗಿತ್ತು. ಆಸೆ ಇತ್ತಕ್ಕಾ ನನಗೆ. ಆಸೆ ಬಿಡು, ಕಫ್ತಾನನ್ನು ಈದ್ ದಿನ ಹಾಕಿಕೊಂಡರಾಯಿತು.

ಅತ್ತೆಯ ಚಿಂತೆ ನಿನಗೆ ಬೇಡ. ಆ ದಿನ ಮಾಳಿಗೆ ಹತ್ತಿ ಡಿಶ್ಶಿನ ತಂತಿ ಕಿತ್ತುಬಿಡುತ್ತೇನೆ. ಗಾಳಿಗೆ ಕಿತ್ತುಹೋಯಿತು ಅಂದರಾಯಿತು. ಗಾಳಿ ನಿನ್ನೊಬ್ಬಳಿಗೇ ಏನು?

ಮಾಮಿಯಾ


ಒರಾನ್
ಜೂನ್ 27, 2004

ಮಾಮಿಯಾ,

ಬೇಡ. ತಂತಿ ಕೀಳಬೇಡ. ಪಕ್ಕದ ಮನೆಯವರ ತಂತಿಯನ್ನೂ ಕೀಳುತ್ತೀಯಾ? ಬೀದಿಯ ತಂತಿಯನ್ನೆಲ್ಲ? ಮರುದಿನ ಯಾವಳೋ ಬಂದು, "ಲಲ್ಲಾ, ನಸ್ರಿಯಾ ಅಂದರೆ ನಿಮ್ಮ ಸೊಸೆ ಅಲ್ಲವಂತೆ" ಅನ್ನುತ್ತಾಳೆ. ಆ ವಯಸ್ಸಿನಲ್ಲಿ ಅವರು ಅದನ್ನು ಹೊರಗಿನವರ ಬಾಯಲ್ಲಿ ಕೇಳಬೇಕಾ? ನಿನ್ನ ಮೇಲಿನ ಹೆಮ್ಮೆ ಅವರಿಗೆ ಊರುಗೋಲು. ನಾನು ಎರಡು ಹಾಡು ಹಾಡುವುದಕ್ಕೆ ಅದನ್ನು ಕಿತ್ತುಕೊಳ್ಳಲೇ?

ಮಿಲೂದ್ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಯೋಚಿಸಿದೆ. ಅವನು ಏನೂ ಅನ್ನುತ್ತಿರಲಿಲ್ಲ. ಪಕ್ಕದ ಕೋಣೆಗೆ ಹೋಗಿ ಜೋರಾಗಿ ಕೆಮ್ಮುತ್ತಿದ್ದ.

ಸೀ ಬೆನಾಮರ್‌ಗೆ ನಸ್ರಿಯಾ ಬರುವುದಿಲ್ಲ ಎಂದು ಹೇಳಿ ಬಂದೆ. ಬೇಸರವೇನಿಲ್ಲ. ಹಾಡದೆ ಇಷ್ಟು ವರ್ಷ ಇರಲಿಲ್ಲವೇ?

ಖೈರಾ


ಊಜ್ದಾ
ಜುಲೈ 15, 2004

ಖೈರಕ್ಕಾ,

ಅಬ್ದೆಲ್ಕಾದರನ ಗೆಳೆಯ ಒಬ್ಬ ವಿಮಾನದಲ್ಲಿ ಬರುತ್ತಿದ್ದಾನೆ. ಅಂಚೆಯನ್ನು ನಂಬದೆ ಅವನ ಕೈಯಲ್ಲಿ ಕೊಟ್ಟಿದ್ದೇನೆ. ಹಾಡುವ ದಿನದೊಳಗೆ ನಿನಗೆ ಸಿಗಬೇಕು.

ಹೇಳಿಬಿಟ್ಟೆ.

ಶುಕ್ರವಾರ ಅವರ ತಲೆಗೆ ಗೋರಂಟಿ ಹಚ್ಚುತ್ತಾ ಕೂತಿದ್ದೆ. ಆಗ ಅವರು ಎದ್ದು ಹೋಗುವಂತಿಲ್ಲ, ನಾನೂ ಕೈ ಬಿಡುವಂತಿಲ್ಲ. ಟೀವಿಯಲ್ಲಿ ಆ ಕಾರ್ಯಕ್ರಮದ ಜಾಹೀರಾತು ಬಂತು. ನನ್ನ ಮುಖ ಬಂತು. ಅವರು ಚಪ್ಪಾಳೆ ತಟ್ಟಿದರು.

"ಲಲ್ಲಾ, ಕ್ಯಾಸೆಟ್ಟಿನಲ್ಲಿ ಹಾಡಿದ್ದು ನಾನಲ್ಲ" ಅಂದೆ.

"ಮತ್ಯಾರು, ನಿನ್ನ ಬೆಕ್ಕಾ?"

"ಖೈರಾ. ಒರಾನಿನ ನನ್ನ ಗೆಳತಿ. ಗಂಟಲು ಅವಳದ್ದು. ನನ್ನದು ಬರೀ ಮುಖ."

ಗೋರಂಟಿ ಕಿವಿಯ ಮೇಲೆ ಇಳಿಯುತ್ತಿತ್ತು, ಒರೆಸಿದೆ. ಆಮೇಲೆ ಮೆಲ್ಲಗೆ, "ಹದಿನಾರು ವರ್ಷದಿಂದ ನಾನು ಬರೀ ಮುಖಾನ ಮನೇಲಿ ಇಟ್ಕೊಂಡಿದ್ದೀನಾ?" ಅಂದರು.

"ಅಡುಗೆ ಕೈಯೂ ಇದೆಯಲ್ಲ ಲಲ್ಲಾ" ಅಂದೆ. ನಗಲಿಲ್ಲ ಅಕ್ಕಾ ಅವರು. ನಾನು ಏನು ಹೇಳಿದರೂ ನಗುವವರು.

"ತಲೆ ತೊಳಿ" ಅಂದರು. ಅಷ್ಟೇ.

ಅಂದಿನಿಂದ ನನ್ನ ಜೊತೆ ಮಾತಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಬೇಕಾದದ್ದನ್ನು ಮಗನಿಗೆ ಹೇಳುತ್ತಾರೆ: "ಆ ಒರಾನಿನವಳಿಗೆ ಹೇಳು, ದಿಂಬು ತಗ್ಗಾಗಿದೆ." ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಅವನು ನನ್ನ ಕಡೆ ತಿರುಗಿ, "ದಿಂಬು ತಗ್ಗಾಗಿದೆಯಂತೆ" ಅನ್ನುತ್ತಾನೆ. ಮೊದಲ ದಿನ ನಗು ಬಂತು. ಈಗ ಬರುವುದಿಲ್ಲ.

ಸಿಟ್ಟು ಇಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅವರ ಹತ್ತಿರ ಕಾಯುವಷ್ಟು ಕಾಲ ಇದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ಅದು ನನ್ನ ಪಾಲಿನದು. ಆದರೆ ಇಷ್ಟಾದ ಮೇಲೆ ನೀನು ಹಾಡದಿದ್ದರೆ ನಾನು ಕೊಟ್ಟದ್ದು ನೀರಿಗೆ ಹೋದ ಹಾಗೆ. ಆ ಬೆನಾಮರನ ಹತ್ತಿರ ಈಗಲೇ ಹೋಗು. ಕೂದಲು ಹಿಂದಕ್ಕೆ ಬಾಚು, ನಿನ್ನ ಹಣೆ ಚೆಂದ. ಕಪ್ಪು ಬಣ್ಣ ಹಚ್ಚಬೇಡ, ಮುಖ ಸಪ್ಪೆಯಾಗುತ್ತದೆ.

ಮಾಮಿಯಾ


ಒರಾನ್
ಜುಲೈ 30, 2004

ನನ್ನ ಮಾಮಿಯಾ,

ನಿನ್ನೆ ಹಾಡಿದೆ.

ನಿನ್ನ ಕಾಗದ ಸಿಕ್ಕ ದಿನವೇ ಸಮಿತಿಯ ಕಚೇರಿಗೆ ಹೋದೆ. ಪೋಸ್ಟರು ಇನ್ನೂ ಹಾಗೇ ಇತ್ತು. ಸೀ ಬೆನಾಮರ್, "ಶೆಬ್ಬಾಗಳು ಹೀಗೇ ಹಜ್ಜಾ, ಬರಲ್ಲ ಅಂತಾರೆ, ಬರ್ತಾರೆ" ಅಂದ. ನಾನು ಬಾಗಿಲು ಮುಚ್ಚಿ ಅವನ ಮೇಜಿನ ಮುಂದೆ ನಿಂತು ಒಂದು ಪಲ್ಲವಿ ಹಾಡಿದೆ. ಅವನ ಕೈಯಲ್ಲಿದ್ದ ಕಾಫಿ ಲೋಟ ಹಾಗೇ ನಿಂತಿತು.

"ಹಾಗಾದ್ರೆ ಈಕೆ ಯಾರು?" ಎಂದು ಪೋಸ್ಟರು ತೋರಿಸಿದ.

"ನನ್ನ ಗೆಳತಿ. ಕೂದಲು ಕತ್ತರಿಸ್ತಾಳೆ."

ಪಾಪ, ಬೆವರೊರೆಸಿಕೊಂಡ. "ಜನಕ್ಕೆ ಏನು ಹೇಳೋದು ಹಜ್ಜಾ?" ಅಂದ. "ನಾನೇ ಹೇಳ್ತೀನಿ" ಅಂದೆ.

ನಿನ್ನೆ ಸಂಜೆ ನಸ್ರಿಯಾ ಎಂದು ಕರೆದಾಗ ಚಪ್ಪಾಳೆ ಜೋರಾಗಿತ್ತು. ನಾನು ಹೊರಗೆ ಬಂದೆ, ಚಪ್ಪಾಳೆ ನಿಂತಿತು. ಮುಂದಿನ ಸಾಲಿನ ಹೆಂಗಸು, "ಅಮ್ಮಾ, ಸ್ವಲ್ಪ ಪಕ್ಕಕ್ಕೆ ಸರೀರಿ, ಶೆಬ್ಬಾ ಬರೋ ಹೊತ್ತು" ಅಂದಳು. ಸಮಿತಿಯ ಬ್ಯಾಡ್ಜ್ ಹಾಕಿಕೊಂಡ ಒಬ್ಬ ಬಂದು ನನ್ನ ಮೊಣಕೈ ಹಿಡಿದು, "ಬನ್ನಿ ಹಜ್ಜಾ, ಹೆಂಗಸರ ಸೀಟು ಕೆಳಗಿದೆ" ಎಂದು ಮೆಲ್ಲಗೆ ಎಳೆದ. ಬಹಳ ಮರ್ಯಾದೆಯಿಂದ ಎಳೆದ. ಬೂಸೀಫ್ ಅಕಾರ್ಡಿಯನ್ ಶುರು ಮಾಡಿದ. ಎತ್ತಿಕೊಳ್ಳುವ ಜಾಗ ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಹೆಸರು ಕೂಗುವವರು ಯಾರೂ ಇರಲಿಲ್ಲವಲ್ಲ. ಪಕ್ಕದಲ್ಲಿ ಮಿಲೂದ್ ನಿಲ್ಲುತ್ತಿದ್ದ ಜಾಗದಲ್ಲಿ ನೀರಿನ ಬಾಟಲಿ ಇಟ್ಟಿದ್ದರು.

ಆಗ ಹಿಂದಿನಿಂದ ಯಾರೋ, "ಪೋಸ್ಟರಲ್ಲಿರೋಳು ಎಲ್ಲಿ?" ಎಂದು ಕೂಗಿದರು.

"ಊಜ್ದಾದಲ್ಲಿದ್ದಾಳೆ, ಅತ್ತೆ ತಲೆಗೆ ಗೋರಂಟಿ ಹಚ್ತಿದ್ದಾಳೆ" ಅಂದೆ. ಮೈಕಿನಲ್ಲೇ ಹೋಯಿತು. ಜನ ನಕ್ಕರು. ಮೊಣಕೈ ಹಿಡಿದಿದ್ದವನು ಬಿಟ್ಟ. ಆ ನಗುವಿನ ಮೇಲೆಯೇ ನಾನು ಕೂಗಿದೆ. ಹೆಂಗಸರು ಕೂಗುವ ರೂಢಿ ಇಲ್ಲ, ನನಗೆ ಗೊತ್ತು. ಕೂಗಿದೆ. ಊಜ್ದಾದ ಲಲ್ಲಾ ತಾಮೂಗೆ ಈ ಹಾಡು, ಗಡಿಯ ಆಚೆಗೆ! ಅವರ ಮನೆ ಬೆಳಗುವ ಸೊಸೆಗೆ, ಯಾರೂ ಮುಖ ಕೊಡದ ಕಾಲದಲ್ಲಿ ನನಗೆ ಮುಖ ಕೊಟ್ಟವಳಿಗೆ, ಕತ್ತರಿ ಹಿಡಿದ ಆ ಕೈಗೆ ಈ ಹಾಡು! ಅಂಥ ಸೊಸೆಯನ್ನು ಆರಿಸಿ ತಂದ ಕಣ್ಣಿಗೆ ಈ ಹಾಡು, ಅದನ್ನು ಕಂಡು ಉರಿಯುವವರಿಗೆ ಹೊಟ್ಟೆಯುರಿ! ಆಮೇಲೆ ಎತ್ತಿಕೊಂಡೆ.

ಮಿಲೂದನ ಹೆಸರು ಕೂಗಲಿಲ್ಲ. ಕೂಗಿದ್ದರೆ ಹಾಡಲು ಆಗುತ್ತಿರಲಿಲ್ಲ.

ಆಮೇಲಿನದನ್ನು ಟೀವಿಯಲ್ಲಿ ನೀವು ನೋಡಿರಬೇಕು. ನನಗೆ ಸರಿಯಾಗಿ ನೆನಪಿಲ್ಲ, ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಬೆಳಿಗ್ಗೆ ಹಾಲಿನವನು ಕಾಸು ತೆಗೆದುಕೊಳ್ಳಲಿಲ್ಲ.

ಅವರು ಕೇಳಿಸಿಕೊಂಡರಾ ಮಾಮಿಯಾ? ಅದೊಂದನ್ನು ಬರೆ.

ನಿನ್ನ
ಖೈರಾ


ಊಜ್ದಾ
ಆಗಸ್ಟ್ 14, 2004

ನನ್ನ ಖೈರಕ್ಕಾ,

"ಆ ದಿನ ಟೀವಿ ಹಚ್ಚಕೂಡದು" ಎಂದು ಅತ್ತೆ ಮಗನಿಗೆ ಹೇಳಿದ್ದರು. ಅವನು ಹಚ್ಚಿದ, ಸದ್ದು ತೀರಾ ತಗ್ಗಿಸಿ, ಇರುವೆ ಮಾತಾಡಿದ ಹಾಗೆ. ಅವರು ಗೋಡೆಗೆ ತಿರುಗಿ ಮಲಗಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ, ಒಳಗೆ ಬರುವ ಧೈರ್ಯವಿರಲಿಲ್ಲ.

ನೀನು ಬಂದೆ. ಕೂದಲು ಹಿಂದಕ್ಕೆ ಬಾಚಿದ್ದೆ. ನಿನ್ನ ಮೊಣಕೈ ಹಿಡಿದವನನ್ನು ನೋಡಿ ನಾನು ಇಲ್ಲಿಂದಲೇ ಬೈದೆ. ನೀನು ಬಾಯಿ ತೆರೆಯದೆ ನಿಂತಾಗ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಮೇಲೆ ನೀನು ಕೂಗಿದೆ. ತಗ್ಗಿದ ಸದ್ದಿನಲ್ಲೂ "ಲಲ್ಲಾ ತಾಮೂ" ಎಂದು ಕೇಳಿಸಿತು.

ಮಂಚದ ಮೇಲೆ ಏನೂ ಅಲ್ಲಾಡಲಿಲ್ಲ. ಅತ್ತೆ ಗೋಡೆಯ ಕಡೆಯಿಂದಲೇ ಕೇಳಿದರು, "ಯಾವ ತಾಮೂ?"

ಅಬ್ದೆಲ್ಕಾದರ್ ಎಷ್ಟು ಗಂಭೀರವಾಗಿ ಹೇಳಿದ ಗೊತ್ತಾ? "ಯಾರೋ, ಅಮ್ಮ. ಊಜ್ದಾದಲ್ಲಿ ತಾಮೂ ಅನ್ನೋರಿಗೇನು ಬರವಾ?"

"ಮುಚ್ಚೋ ಬಾಯಿ. ಸೊಸೆ ಕತ್ತರಿ ಹಿಡಿಯೋದು ನನ್ನೊಬ್ಬಳ ಮನೇಲಿ."

ಮೊಣಕೈ ಊರಿ ಈ ಕಡೆ ತಿರುಗಿದರು. ಒಬ್ಬರೇ ತಿರುಗಿದರು ಅಕ್ಕಾ, ನಾವಿಬ್ಬರೂ ಹಿಡಿಯದೆ. ತಲೆಬಟ್ಟೆ ಸರಿಮಾಡಿಕೊಂಡು, ನಿನ್ನನ್ನು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಮತ್ತೆ ನಿನ್ನನ್ನು. ನೀನು ಹಾಡು ಶುರು ಮಾಡಿದ್ದೆ, ತುಟಿ ಆಡುತ್ತಿದ್ದದ್ದು ಕಾಣುತ್ತಿತ್ತು, ಹಾಡು ಸರಿಯಾಗಿ ಕೇಳಿಸುತ್ತಿರಲಿಲ್ಲ.

"ಅಲ್ಲಿ ಏನು ಕಂಬದ ಹಾಗೆ ನಿಂತಿದ್ದೀಯ?" ಅಂದರು. "ಟೀವಿ ಜೋರು ಮಾಡು ಮಗಳೇ. ಆ ಹುಡುಗಿ ಏನು ಹಾಡ್ತಾಳೆ, ಕೇಳೋಣ."

ನಿನ್ನ
ಮಾಮಿಯಾ